ಒಂದು ಹುಳುವಿಗೆ ಒಂದೇ ಸೊಪ್ಪು, ಇನ್ನೊಂದಕ್ಕೆ ಊರೆಲ್ಲ ಹೊಲ

ಪ್ರಶ್ನೆ: ನಾವು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವರು. ಸೊಪ್ಪು ಸಾಲದೆ ಬಂದಾಗ ಬೇರೆ ಯಾವ ಎಲೆ ಹಾಕಿದರೂ ನಮ್ಮ ಹುಳು ಬಾಯಿ ಹಾಕುವುದಿಲ್ಲ, ಹಸಿದುಕೊಂಡೇ ಸಾಯುತ್ತದೆ. ಅದೇ ಪಕ್ಕದ ಹೊಲದ ಹಸಿರು ಹುಳು ಟೊಮೆಟೊ ಕಾಯಿ ಕೊರೆಯುತ್ತದೆ, ಅವರೆಗೆ ಹೋಗುತ್ತದೆ, ಕಡಲೆಯನ್ನೂ ಬಿಡುವುದಿಲ್ಲ. ಎರಡೂ ಪತಂಗದ ಮರಿಗಳೇ ಅಲ್ಲವೇ? ಇವುಗಳ ಜೀನಿನಲ್ಲೇ ಅಷ್ಟು ವ್ಯತ್ಯಾಸವಿದೆಯೇ?
— ಒಬ್ಬ ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಹೌದು, ಎರಡೂ ಪತಂಗದ ಮರಿಗಳೇ. ಎರಡರ ಜೀನುಗಳನ್ನೂ ವಿಜ್ಞಾನಿಗಳು ಪೂರ್ತಿ ಓದಿದ್ದಾರೆ, ಹಾಗಾಗಿ ನಿಮ್ಮ ಪ್ರಶ್ನೆಗೆ ಇವತ್ತು ಪುರಾವೆ ಹಿಡಿದು ಉತ್ತರ ಹೇಳಬಹುದು. ವ್ಯತ್ಯಾಸ ಇದೆ. ಆದರೆ ಎಲ್ಲವನ್ನೂ ತಿನ್ನಿಸುವ ಜೀನ್ ಎಂಬುದೊಂದು ಹಸಿರು ಹುಳುವಿಗೆ ಸಿಕ್ಕಿದೆ, ರೇಷ್ಮೆ ಹುಳುವಿಗೆ ಸಿಕ್ಕಿಲ್ಲ ಎನ್ನುವಷ್ಟು ಸರಳವಾಗಿ ಅದು ಇಲ್ಲ.

ನಿಮ್ಮ ತೋಟದ ಹಿಪ್ಪುನೇರಳೆಯಿಂದಲೇ ಶುರು ಮಾಡೋಣ. ಸೊಪ್ಪು ಕೊಯ್ದಾಗ ತೊಟ್ಟಿನಲ್ಲಿ ಬಿಳಿ ಹಾಲು ಒಸರುತ್ತದಲ್ಲ, ಬಹುಪಾಲು ಹುಳುಗಳಿಗೆ ಅದು ವಿಷ. ಜಪಾನಿನ ಕೊತಾರೊ ಕೊನ್ನೊ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಚೊಕ್ಕವಾಗಿ ತೋರಿಸಿದರು. ಹರಳು ಸೊಪ್ಪು ತಿಂದು ಬೆಳೆಯುವ ಎರಿ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಕೊಟ್ಟರು, ಅದು ಉಳಿಯಲಿಲ್ಲ. ಎಲೆಯಿಂದ ಹಾಲನ್ನು ತೆಗೆದು ಕೊಟ್ಟಾಗ ವಿಷ ಮಾಯವಾಯಿತು. ಆ ಹಾಲಿನಲ್ಲಿರುವುದು ಸಕ್ಕರೆಯನ್ನು ಹೋಲುವ ರಾಸಾಯನಿಕಗಳು. ಹುಳುವಿನ ಕರುಳಿನಲ್ಲಿ ಸಕ್ಕರೆ ಒಡೆಯುವ ಕಿಣ್ವಕ್ಕೆ ಅವು ಹೋಗಿ ಅಂಟಿಕೊಳ್ಳುತ್ತವೆ, ಕಿಣ್ವ ಕೆಲಸ ನಿಲ್ಲಿಸುತ್ತದೆ, ಹೊಟ್ಟೆ ತುಂಬ ಎಲೆ ತಿಂದರೂ ಹುಳುವಿಗೆ ಶಕ್ತಿ ದಕ್ಕುವುದಿಲ್ಲ.

ಹಾಗಾದರೆ ನಿಮ್ಮ ಹುಳು ಬದುಕುವುದು ಹೇಗೆ? ಅದರ ಬಳಿ ಇನ್ನೊಂದು ಬಗೆಯ ಕಿಣ್ವವಿದೆ. ಅದೂ ಸಕ್ಕರೆಯನ್ನೇ ಒಡೆಯುತ್ತದೆ, ಆದರೆ ಅದರ ಆಕಾರವೇ ಬೇರೆಯಾದ್ದರಿಂದ ಹಿಪ್ಪುನೇರಳೆಯ ವಿಷ ಅದಕ್ಕೆ ಅಂಟುವುದಿಲ್ಲ. ಈ ಕಿಣ್ವದ ಜೀನನ್ನು 2008ರಲ್ಲಿ ಜಪಾನಿನ ವಿಜ್ಞಾನಿಗಳೇ ಗುರುತಿಸಿದರು, ಮತ್ತು ಅದರ ಮೂಲ ಹುಡುಕಿದಾಗ ಅದು ಬ್ಯಾಕ್ಟೀರಿಯಾದ ಜೀನ್ ಎಂದು ತಿಳಿಯಿತು. ಯಾವುದೋ ಹಳೆಯ ಕಾಲದಲ್ಲಿ, ಪತಂಗಗಳ ಪೂರ್ವಜರ ಒಡಲಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಅವುಗಳ ವಂಶಕ್ಕೆ ಸೇರಿಕೊಂಡ ಆಸ್ತಿ ಅದು. ಕರ್ನಾಟಕದ ರೇಷ್ಮೆಯ ಹಿಂದೆ ಇಂಥದೊಂದು ಜೀನೂ ಇದೆ ಎಂದು ನೆನೆದರೆ ಮೈ ನವಿರೇಳುತ್ತದೆ.

ಈಗ ಬಾಯಿ ಹಾಕದಿರುವ ವಿಷಯ. ಹಿಪ್ಪುನೇರಳೆ ಎಲೆಯಿಂದ ಬರುವ ಒಂದು ಪರಿಮಳವನ್ನೇ ಹಿಡಿಯಲು ರೇಷ್ಮೆ ಹುಳುವಿಗೆ ಒಂದು ವಾಸನಾ ಗ್ರಾಹಿ ಇದೆ. ಮಲ್ಲಿಗೆಯಲ್ಲೂ ಇರುವ, ಸಿಸ್-ಜಾಸ್ಮೋನ್ ಎಂಬ ಆ ವಸ್ತುವಿನ ಕಡೆಗೆ ಹುಳು ತೆವಳಿಕೊಂಡು ಹೋಗುವುದು 2009ರಲ್ಲಿ ಗೊತ್ತಾಯಿತು. ವಾಸನೆ ಹತ್ತಿರ ಕರೆಯುತ್ತದೆ. ತಿನ್ನಬೇಕೋ ಬೇಡವೋ ಎಂದು ತೀರ್ಮಾನಿಸುವುದು ಬಾಯಿಯ ಬಳಿಯ ರುಚಿ ಗ್ರಾಹಿಗಳು. 2019ರಲ್ಲಿ ಚೀನಾದ ವಿಜ್ಞಾನಿಗಳು ಜಿಆರ್66 ಎಂಬ ಒಂದೇ ಒಂದು ರುಚಿ ಗ್ರಾಹಿಯ ಜೀನನ್ನು, ಜೀನುಗಳನ್ನು ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ಕೆಡಿಸಿದರು. ಆ ಹುಳುಗಳು ಓಕ್ ಮರದ ಎಲೆ ತಿಂದವು, ಸೇಬು ತಿಂದವು, ಸೋಯಾ, ಮುಸುಕಿನ ಜೋಳದ ಕಾಳುಗಳನ್ನೂ ತಿಂದವು. ಅಂದರೆ ನಿಮ್ಮ ಹುಳು ಬೇರೆ ಎಲೆಯ ಮುಂದೆ ಹಸಿದು ಕೂರುವುದಕ್ಕೆ ಮೊದಲ ಕಾರಣ ಅದರ ಹೊಟ್ಟೆಯಲ್ಲಿಲ್ಲ. ಬೇಡ ಎಂದು ಮಿದುಳಿಗೆ ಹೇಳುವ ನಾಲಿಗೆಯಲ್ಲಿದೆ.

ಸಾವಿರಾರು ವರ್ಷ ಮನುಷ್ಯರು ಸಾಕಿದ್ದರಿಂದ ರೇಷ್ಮೆ ಹುಳು ಹೀಗಾಯಿತೇ ಎಂದು ಕೆಲವರು ಕೇಳುವುದುಂಟು. ಇಲ್ಲ. ಅದರ ಕಾಡು ಬಂಧು, ಚೀನಾ, ಜಪಾನಿನ ಕಾಡು ರೇಷ್ಮೆ ಪತಂಗದ ಮರಿಯೂ ಹಿಪ್ಪುನೇರಳೆಯನ್ನೇ ತಿನ್ನುತ್ತದೆ. ಜೀನ್ ಕೆಡಿಸಿದ ಹುಳು ಬೇರೆಯದನ್ನು ತಿಂದಿತೆಂದು ಕೇಳಿ ನಾಳೆಯೇ ನಮಗೂ ಅಂಥ ತಳಿ ಬರಬಹುದೆಂದು ಕಾಯಬೇಡಿ. ತಿನ್ನುವುದು ಬೇರೆ, ತಿಂದು ಅರಗಿಸಿಕೊಂಡು ನಾಲ್ಕು ಜ್ವರ ದಾಟಿ ಗಟ್ಟಿ ಗೂಡು ಕಟ್ಟುವುದು ಬೇರೆ.

ಪಕ್ಕದ ಹೊಲದ ಹಸಿರು ಹುಳುವಿಗೆ ಬರೋಣ. ನಾವು ಕಾಯಿಕೊರಕ ಎನ್ನುವ, ಕಲಬುರಗಿ ಕಡೆಯ ತೊಗರಿ ರೈತರು ಕೀಡಿ ಎಂದು ಶಪಿಸುವ, ಗಿಡ ಅಲುಗಾಡಿಸಿ ತಾಡಪಾಲಿನ ಮೇಲೆ ಉದುರಿಸುವ ಹುಳು ಇದೇ. ವಿಜ್ಞಾನಿಗಳ ಬಾಯಲ್ಲಿ ಹೆಲಿಕೋವರ್ಪಾ ಆರ್ಮಿಜೆರಾ. ಭಾರತ ಒಂದರಲ್ಲೇ ಸುಮಾರು 180 ಜಾತಿಯ ಗಿಡಗಳ ಮೇಲೆ ಇದು ಕಂಡಿದೆ.

ಆ ಒಂದೊಂದು ಗಿಡವೂ ತನ್ನದೇ ವಿಷ ಇಟ್ಟುಕೊಂಡಿದೆ. ಕಡಲೆ ಗಿಡದ ಮೈಮೇಲಿನ ಹುಳಿ ನಿಮಗೆ ಗೊತ್ತು. ಉತ್ತರ ಕರ್ನಾಟಕದಲ್ಲಿ ಬೆಳಗಿನ ಇಬ್ಬನಿಯಲ್ಲಿ ಬಟ್ಟೆ ಹಾಸಿ ಅದನ್ನು ಹಿಂಡಿಕೊಳ್ಳುತ್ತಾರೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಹುಳುವಿನ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಹತ್ತಿಯ ಎಲೆ, ಕಾಯಿಗಳ ಮೇಲಿನ ಕಪ್ಪು ಚುಕ್ಕೆಗಳಲ್ಲಿ ಗಾಸಿಪಾಲ್ ಎಂಬ ವಿಷ ಇದೆ. ದ್ವಿದಳ ಕಾಳುಗಳಲ್ಲಿ, ಹುಳುವಿನ ಪ್ರೋಟೀನ್ ಅರಗಿಸುವ ಕಿಣ್ವಗಳನ್ನೇ ಕಟ್ಟಿಹಾಕುವ ಪ್ರೋಟೀನುಗಳಿವೆ. ಟೊಮೆಟೊ ಇನ್ನೂ ಚುರುಕು: ಒಂದು ಎಲೆಯನ್ನು ಹುಳು ಕಡಿದರೆ, ಕಡಿಯದ ಎಲೆಗಳಲ್ಲೂ ಗಿಡ ಅಂಥ ಪ್ರೋಟೀನ್ ತುಂಬಿಕೊಳ್ಳುತ್ತದೆ. ಅಮೆರಿಕದ ಕ್ಲಾರೆನ್ಸ್ ರಯಾನ್ ಮತ್ತು ಜೊತೆಗಾರರು ಇದನ್ನು ಕಂಡದ್ದು 1972ರಲ್ಲಿ. ಹಸಿರೆಲ್ಲ ಹುಳುವಿಗೆ ಬಡಿಸಿಟ್ಟ ಊಟ ಎಂದು ನಮಗೆ ಕಾಣುತ್ತದೆ. ಹುಳುವಿಗೆ ಪ್ರತಿ ಎಲೆಯೂ ಒಂದು ಪರೀಕ್ಷೆ. ಎಲೆ ತಿನ್ನುವ ಕೀಟಗಳಲ್ಲಿ ಹೆಚ್ಚಿನವು ನಿಮ್ಮ ರೇಷ್ಮೆ ಹುಳುವಿನಂತೆ ಒಂದೇ ಗಿಡಕ್ಕೋ ಒಂದೇ ಕುಟುಂಬದ ಕೆಲವು ಗಿಡಗಳಿಗೋ ಅಂಟಿಕೊಂಡಿರುವುದು ಇದೇ ಕಾರಣಕ್ಕೆ. ಊರೆಲ್ಲ ತಿನ್ನುವ ಕಾಯಿಕೊರಕವೇ ಅಪರೂಪದ್ದು.

ಆ ಅಪರೂಪದ ಗುಟ್ಟು ಜೀನುಗಳ ನಕಲಿನಲ್ಲಿದೆ. ಜೀವಕೋಶ ತನ್ನ ಜೀನುಗಳ ಪ್ರತಿ ಮಾಡಿಕೊಳ್ಳುವಾಗ ಕೆಲವೊಮ್ಮೆ ತಪ್ಪಿ, ಒಂದೇ ಜೀನು ಎರಡು ಸಲ ಬರೆದುಹೋಗುತ್ತದೆ. ಮನೆಯಲ್ಲಿ ಎರಡು ಕುಡುಗೋಲಿದ್ದರೆ ಒಂದನ್ನು ಸೊಪ್ಪು ಕೊಯ್ಯಲು ಇಟ್ಟುಕೊಂಡು ಇನ್ನೊಂದನ್ನು ಕುಲುಮೆಗೆ ಹಾಕಿ ಬೇರೆ ಕೆಲಸಕ್ಕೆ ತಟ್ಟಿಸಿಕೊಳ್ಳಬಹುದಲ್ಲ, ಹಾಗೆ. ಮೊದಲ ಜೀನು ಹಳೆಯ ವಿಷವನ್ನು ಮುರಿಯುತ್ತ ಇರುತ್ತದೆ, ಎರಡನೆಯದರಲ್ಲಿ ಆಗುವ ಚಿಕ್ಕಪುಟ್ಟ ಬದಲಾವಣೆಗಳು ಹುಳುವನ್ನು ಕೊಲ್ಲುವುದಿಲ್ಲ. ಅಂಥ ಬದಲಾವಣೆಗಳಲ್ಲಿ ಯಾವುದೋ ಒಂದು ಹೊಸ ವಿಷವನ್ನು ಮುರಿಯುವಂತಾದರೆ, ಅದನ್ನು ಪಡೆದ ಹುಳು ಹೊಸ ಗಿಡದ ಮೇಲೆ ಬದುಕಿ ಸಂತಾನ ಬಿಡುತ್ತದೆ. ಲಕ್ಷಾಂತರ ವರ್ಷ ಹೀಗೇ ನಡೆದರೆ ಒಂದು ಜೀನಿನಿಂದ ಒಂದು ದೊಡ್ಡ ಬಳಗವೇ ಹುಟ್ಟುತ್ತದೆ.

ವಿಷ ಮುರಿಯುವ ಕಿಣ್ವಗಳಲ್ಲಿ ಬಹು ಮುಖ್ಯವಾದವು ಸೈಟೋಕ್ರೋಮ್ ಪಿ450 ಎಂಬ ಕುಲದವು. ನಮ್ಮ ನಿಮ್ಮ ಯಕೃತ್ತಿನಲ್ಲೂ ಇವೇ ಔಷಧಿಗಳನ್ನು ಒಡೆಯುವುದು. ಆಸ್ಟ್ರೇಲಿಯಾದ ವಿಜ್ಞಾನಿಗಳ ಮುಂದಾಳತ್ವದಲ್ಲಿ 2017ರಲ್ಲಿ ಕಾಯಿಕೊರಕದ ಜೀನುಗಳ ಪೂರ್ತಿ ಓದು ಪ್ರಕಟವಾದಾಗ, ಈ ಕುಲದ ನೂರಕ್ಕೂ ಹೆಚ್ಚು ಜೀನುಗಳು ಅದರಲ್ಲಿ ಕಂಡವು. ರೇಷ್ಮೆ ಹುಳುವಿನಲ್ಲಿ ಎಂಬತ್ತರ ಆಸುಪಾಸು. ಅದಕ್ಕಿಂತ ಬೆರಗು ಹುಟ್ಟಿಸಿದ್ದು ರುಚಿಯ ಲೆಕ್ಕ. ರೇಷ್ಮೆ ಹುಳುವಿಗೆ ರುಚಿ ಗ್ರಾಹಿಯ ಜೀನುಗಳು ಸುಮಾರು 70, ಕಾಯಿಕೊರಕಕ್ಕೆ 200ಕ್ಕೂ ಹೆಚ್ಚು.

ಇಲ್ಲಿ ಒಂದು ಎಡವಟ್ಟು ಇರುವಂತೆ ಕಾಣುತ್ತದೆ. ಒಂದು ರುಚಿ ಗ್ರಾಹಿ ಕಳೆದುಕೊಂಡ ರೇಷ್ಮೆ ಹುಳು ಬೇರೆ ಗಿಡ ತಿಂದಿತು ಎಂದೆ. ಹಾಗಿದ್ದರೆ ಎಲ್ಲ ತಿನ್ನುವ ಹುಳುವಿಗೆ ಗ್ರಾಹಿಗಳು ಕಡಿಮೆ ಇರಬೇಕಿತ್ತಲ್ಲ? ನನಗೆ ತೋರುವುದು ಹೀಗೆ. ಒಂದೇ ಗಿಡದ ಹುಳುವಿಗೆ ಗೊತ್ತಾಗಬೇಕಾದದ್ದು ಇದು ನನ್ನ ಗಿಡವೋ ಅಲ್ಲವೋ ಎಂಬುದಷ್ಟೇ. ನೂರೆಂಟು ಗಿಡದ ಹುಳು ಪ್ರತಿ ಎಲೆಯಲ್ಲೂ ಯಾವ ವಿಷ ಇದೆ, ಎಷ್ಟಿದೆ, ತಾಳಿಕೊಳ್ಳಬಹುದೇ ಎಂದು ಅಳೆಯಬೇಕು. ಅದಕ್ಕೆ ಹೆಚ್ಚು ನಾಲಿಗೆ ಬೇಕಾಗುತ್ತದೆ. ಎಲ್ಲವನ್ನೂ ತಿನ್ನುವ ಹುಳು ರುಚಿಗೇಡಿಯಲ್ಲ, ಅದರ ನಾಲಿಗೆ ರೇಷ್ಮೆ ಹುಳುವಿನದಕ್ಕಿಂತ ಸೂಕ್ಷ್ಮ ಎಂದೇ ನನ್ನ ಎಣಿಕೆ.

ಜೀನುಗಳು ಇದ್ದರೆ ಸಾಲದು. ನೂರು ಕಿಣ್ವಗಳನ್ನೂ ಸದಾ ತಯಾರಿಸುತ್ತ ಕೂತರೆ ಹುಳು ಬೆಳೆಯುವುದಕ್ಕೆ ಶಕ್ತಿಯೇ ಉಳಿಯುವುದಿಲ್ಲ. ಹಾಗಾಗಿ ಬಾಯಿಗೆ ಬಂದ ಎಲೆ ಯಾವುದೆಂದು ನೋಡಿಕೊಂಡು ಬೇಕಾದ ಜೀನುಗಳನ್ನು ಎಬ್ಬಿಸುವುದು, ಬೇಡದ್ದನ್ನು ಮಲಗಿಸುವುದು ಬಹುಭಕ್ಷಕ ಹುಳುಗಳ ನಿಜವಾದ ಕಸುಬು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕಾಯಿಕೊರಕದ ಕರುಳಿನ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಆಹಾರದ ಗಿಡ ಬದಲಾದಂತೆ ಹುಳು ಪ್ರೋಟೀನ್ ಅರಗಿಸುವ ಕಿಣ್ವಗಳ ಬಗೆಯನ್ನೇ ಬದಲಿಸಿಕೊಳ್ಳುತ್ತದೆ. ಒಂದನ್ನು ಗಿಡ ಕಟ್ಟಿಹಾಕಿದರೆ, ಕಟ್ಟಿಗೆ ಸಿಗದ ಇನ್ನೊಂದನ್ನು ಹೊರತರುತ್ತದೆ.

ಇದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ಮೆಣಸಿನಕಾಯಿ, ಆಲೂಗಡ್ಡೆ, ತಂಬಾಕಿನ ಎಲೆಯಡಿ ಗುಂಪುಗಟ್ಟುವ ಹಸಿರು ಹೇನಿನಲ್ಲಿ. ಈ ಹೇನು ಗಂಡಿನ ನೆರವಿಲ್ಲದೆ ಮರಿ ಹಾಕುತ್ತದೆ, ಮರಿಗಳೆಲ್ಲ ತಾಯಿಯ ತದ್ರೂಪು. ಇಂಗ್ಲೆಂಡಿನ ನಾರ್ವಿಚ್‌ನ ವಿಜ್ಞಾನಿಗಳು ಅಂಥ ಒಂದೇ ತಾಯಿಯ ಸಂತಾನವನ್ನು ಎಲೆಕೋಸಿನ ಬಳಗದ ಗಿಡದಿಂದ ತಂಬಾಕಿನ ಬಳಗದ ಗಿಡಕ್ಕೆ ಸಾಗಿಸಿ ನೋಡಿದರು. ಎರಡೇ ದಿನದಲ್ಲಿ, ಒತ್ತೊತ್ತಾಗಿ ನಕಲುಗೊಂಡ ಜೀನುಗಳ ಗುಂಪುಗಳ ಕೆಲಸ ಏರುಪೇರಾಗಿತ್ತು. 2017ರಲ್ಲಿ ಬಂದ ವರದಿ ಅದು. ಜೀನಿನಲ್ಲಿ ಒಂದಕ್ಷರವೂ ಬದಲಾಗದೆ, ಯಾವ ಜೀನು ಎಷ್ಟು ದುಡಿಯಬೇಕೆಂಬುದಷ್ಟೇ ಬದಲಾಗಿ ಹೊಸ ಗಿಡ ಕೈವಶವಾಗಿತ್ತು.

ವಿಷ ಮುರಿಯುವ ಜಾಣ್ಮೆಗೆ ಒಂದು ಉದಾಹರಣೆ ಹೇಳಲೇಬೇಕು, ಅದು ನಮ್ಮ ರಾಜ್ಯಕ್ಕೆ ಸೇರಿದ್ದು ಕೂಡ. ಅಮೆರಿಕ ಖಂಡಗಳ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮುಸುಕಿನ ಜೋಳದಲ್ಲಿ. ಇದು ತಿನ್ನುವ ಗಿಡಗಳ ಪಟ್ಟಿ 350 ದಾಟುತ್ತದೆ. ಮುಸುಕಿನ ಜೋಳ ತನ್ನ ವಿಷಕ್ಕೆ ಒಂದು ಸಕ್ಕರೆ ಅಂಟಿಸಿ ನಿಷ್ಕ್ರಿಯವಾಗಿ ಇಟ್ಟುಕೊಂಡಿರುತ್ತದೆ. ಹುಳು ಎಲೆ ಅಗಿದೊಡನೆ ಗಿಡದ ಕಿಣ್ವ ಸಕ್ಕರೆಯನ್ನು ಕಳಚುತ್ತದೆ, ವಿಷ ಎಚ್ಚರಗೊಳ್ಳುತ್ತದೆ. ಸೈನಿಕ ಹುಳು ಏನು ಮಾಡುತ್ತದೆಂದರೆ, ತನ್ನ ಕಿಣ್ವದಿಂದ ಸಕ್ಕರೆಯನ್ನು ಮತ್ತೆ ಅಂಟಿಸುತ್ತದೆ, ಆದರೆ ತಿರುವುಮುರುವಾಗಿ. ಹಾಗೆ ಅಂಟಿದ ಸಕ್ಕರೆಯನ್ನು ಗಿಡದ ಕಿಣ್ವಕ್ಕೆ ಕಳಚಲು ಬರುವುದಿಲ್ಲ. ಹುಳು ಅದನ್ನು ಹಿಕ್ಕೆಯಲ್ಲಿ ಹೊರಗೆ ಹಾಕುತ್ತದೆ. ಜರ್ಮನಿಯ ಯೆನಾದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2014ರಲ್ಲಿ ಇದನ್ನು ಬಿಡಿಸಿ ತೋರಿಸಿದ್ದನ್ನು ಓದಿದಾಗ ಹುಳುವಿನ ಬಗ್ಗೆ ನನಗೆ ಹೊಸ ಗೌರವ ಬಂತು. ಜೋಳದ ಸುಳಿಯಲ್ಲಿ ಅದು ಮಾಡಿದ ಹಾನಿ ಕಂಡವರಿಗೆ ಈ ಮಾತು ಕಹಿಯಾಗಬಹುದು, ಆದರೂ ನಿಜ.

ಇನ್ನು ಕೆಲವು ಕೀಟಗಳಲ್ಲಿ ಗಿಡದಿಂದಲೇ ಬಂದ ಜೀನುಗಳಿವೆ. ಕೋಲಾರದ ಟೊಮೆಟೊಗೆ ಎಲೆ ಮುದುರು ರೋಗ ಹಂಚುವ ಬಿಳಿನೊಣದಲ್ಲಿ ಸಸ್ಯಮೂಲದ ಒಂದು ಜೀನಿದೆ, ಗಿಡದ ವಿಷವನ್ನು ನಿರುಪದ್ರವಿ ಮಾಡುವುದು ಅದರ ಕೆಲಸ. 2021ರಲ್ಲಿ ಚೀನಾದಲ್ಲಿ ಆ ಜೀನನ್ನು ಅಡಗಿಸುವಂಥ ಟೊಮೆಟೊ ಗಿಡ ಮಾಡಿದಾಗ ಅದರ ರಸ ಹೀರಿದ ಬಿಳಿನೊಣಗಳು ಬಹುತೇಕ ಎಲ್ಲವೂ ಸತ್ತವು.

ಇಂಥ ಕಥೆಗಳನ್ನು ಓದುವಾಗ ಒಂದು ಎಚ್ಚರ ಬೇಕು. 2007ರಲ್ಲಿ ಕಾಯಿಕೊರಕದ ಒಂದು ಪಿ450 ಜೀನನ್ನು ಅಡಗಿಸಿದರೆ ಹತ್ತಿಯ ಗಾಸಿಪಾಲ್ ತಾಳುವ ಶಕ್ತಿ ಕುಂದುತ್ತದೆಂದು ಚೀನಾದ ವಿಜ್ಞಾನಿಗಳು ತೋರಿಸಿದ್ದರು, ಅದು ಬಹಳ ಹೆಸರಾಯಿತು. ಆದರೆ ಸುಮಾರು ಹತ್ತು ವರ್ಷದ ನಂತರ ಬೇರೊಂದು ತಂಡ ಪರೀಕ್ಷಿಸಿದಾಗ ಆ ಕಿಣ್ವ ನೇರವಾಗಿ ಗಾಸಿಪಾಲನ್ನು ಒಡೆಯುವುದೇ ಇಲ್ಲ, ಸಕ್ಕರೆ ಅಂಟಿಸುವ ಬೇರೆ ಕಿಣ್ವಗಳು ಅದನ್ನು ಸಂಭಾಳಿಸುತ್ತವೆ ಎಂದು ತಿಳಿಯಿತು. ಒಂದು ಗಿಡ, ಒಂದು ವಿಷ, ಒಂದು ಜೀನ್ ಎಂಬ ನೇರ ಲೆಕ್ಕ ಬಹುಭಕ್ಷಕ ಹುಳುಗಳಲ್ಲಿ ಅಪರೂಪಕ್ಕೆ ಮಾತ್ರ ಸರಿಹೊಂದುತ್ತದೆ.

ತಾಯಿಯ ಪಾತ್ರವನ್ನೂ ಮರೆಯುವಂತಿಲ್ಲ. ಮೊಟ್ಟೆಯಿಂದ ಹೊರಬಂದ ಚಿಕ್ಕ ಹುಳು ಬಹು ದೂರ ಹೋಗಲಾರದು, ಅದರ ಊಟವನ್ನು ತಾಯಿ ಪತಂಗ ಆಗಲೇ ಆರಿಸಿಬಿಟ್ಟಿರುತ್ತದೆ. ಕಾಯಿಕೊರಕದ ತಾಯಿಗೆ ಹೂವಾಡುವ ಗಿಡದ ಮೇಲೆ ಮೋಹ. ಟೊಮೆಟೊದ ಹದಿನಾರು ಸಾಲಿಗೆ ಒಂದು ಸಾಲು ಚೆಂಡುಹೂ ಹಾಕಿ ಎಂದು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೇಳಿಕೊಟ್ಟದ್ದು ಈ ಮೋಹವನ್ನು ನಂಬಿ.

ಇಷ್ಟೆಲ್ಲ ಸಲಕರಣೆ ಹೊಂದಿದ ಹುಳು ನಮ್ಮ ಕೀಟನಾಶಕವನ್ನು ಎದುರಿಸುವಾಗ ಅದನ್ನೂ ಇನ್ನೊಂದು ಗಿಡದ ವಿಷದಂತೆಯೇ ಕಾಣುತ್ತದೆ. ಫೆನ್‌ವಲರೇಟ್ ಕೇಳಿರುತ್ತೀರಿ. ಅದನ್ನು ಸಿಂಪಡಿಸಿದರೂ ಸಾಯದ ಕಾಯಿಕೊರಕಗಳನ್ನು ಪರೀಕ್ಷಿಸಿದಾಗ, 2012ರಲ್ಲಿ, ಅಕ್ಕಪಕ್ಕದ ಎರಡು ಪಿ450 ಜೀನುಗಳು ತಪ್ಪಾಗಿ ಬೆಸೆದು ಮೂರನೆಯದೊಂದು ಹುಟ್ಟಿರುವುದು ಕಂಡಿತು. ಒಂದರ ತಲೆ, ಇನ್ನೊಂದರ ಬಾಲ. ಆ ಹೊಸ ಕಿಣ್ವಕ್ಕೆ ಫೆನ್‌ವಲರೇಟ್ ಒಡೆಯುವ ಶಕ್ತಿ ಇತ್ತು. ಜೀನುಗಳ ನಕಲು ಹೆಚ್ಚಿದ್ದಷ್ಟೂ ಇಂಥ ಬೆಸುಗೆಗೆ ಅವಕಾಶ ಹೆಚ್ಚು. ಕೀಟವಲ್ಲದಿದ್ದರೂ ಇದೇ ಸಾಲಿಗೆ ಸೇರುವ, ಸಾವಿರಕ್ಕೂ ಹೆಚ್ಚು ಗಿಡಗಳ ಮೇಲೆ ಬದುಕುವ ಜೇಡನುಸಿಯಲ್ಲಿ 2013ರಲ್ಲಿ ಇನ್ನೂ ನೇರವಾದ ನಂಟು ಕಂಡಿತು. ಹುರುಳಿಕಾಯಿ ಗಿಡದಿಂದ ಟೊಮೆಟೊಗೆ ಒಗ್ಗಿಸಿದ ನುಸಿಗಳಲ್ಲಿ ಎಚ್ಚೆತ್ತ ಜೀನುಗಳು, ಔಷಧಕ್ಕೆ ಬಗ್ಗದ ನುಸಿಗಳಲ್ಲಿ ಎಚ್ಚೆತ್ತಿರುವ ಜೀನುಗಳನ್ನೇ ಹೋಲುತ್ತಿದ್ದವು.

ಹಾಗಾದರೆ ಎಲ್ಲ ತಿನ್ನುವ ಹುಳುವೇ ಎಲ್ಲ ವಿಷವನ್ನೂ ಮೊದಲು ಗೆಲ್ಲುತ್ತದೆ ಎಂದುಕೊಂಡರೆ ಹತ್ತಿಯ ಅನುಭವ ಅದಕ್ಕೆ ತಿರುಗಿ ನಿಲ್ಲುತ್ತದೆ. ಹುಳು ಕೊಲ್ಲುವ ವಿಷವನ್ನು ತಾನೇ ತಯಾರಿಸುವಂತೆ ಬ್ಯಾಕ್ಟೀರಿಯಾದ ಜೀನು ಸೇರಿಸಿದ ಬಿಟಿ ಹತ್ತಿಗೆ ಭಾರತ 2002ರಲ್ಲಿ ಅನುಮತಿ ಕೊಟ್ಟಿತು. ಅದರ ವಿಷಕ್ಕೆ ಮೊದಲು ಒಗ್ಗಿಕೊಂಡದ್ದು ಹಸಿರು ಕಾಯಿಕೊರಕವಲ್ಲ, ಹತ್ತಿಯನ್ನು ಬಿಟ್ಟು ಹೆಚ್ಚೇನೂ ತಿನ್ನದ ಗುಲಾಬಿ ಕಾಯಿಕೊರಕ. ಗುಜರಾತಿನಿಂದ 2010ರಲ್ಲಿ ಸುದ್ದಿ ಬಂತು, ಆಮೇಲೆ ಎರಡು ಜೀನಿನ ಬಿಟಿಯೂ ಅದರ ಮುಂದೆ ಸೋತಿತು. ಕಾರಣ ಊಟದ ಹರವಿನಲ್ಲೇ ಇದೆ. ಹಸಿರು ಹುಳುವಿನ ಬಹುಪಾಲು ಸಂಸಾರ ತೊಗರಿ, ಕಡಲೆ, ಸೂರ್ಯಕಾಂತಿಯಲ್ಲಿ ಬಿಟಿಯ ಸೋಂಕಿಲ್ಲದೆ ಬೆಳೆಯುತ್ತದೆ. ಹತ್ತಿಯಲ್ಲಿ ಬದುಕುಳಿದ ಒಂದೆರಡು ಪತಂಗಗಳು ಈ ದೊಡ್ಡ ಗುಂಪಿನೊಡನೆ ಕೂಡಿದಾಗ ಅವುಗಳ ನಿರೋಧಕ ಜೀನು ತೆಳುವಾಗುತ್ತದೆ. ಗುಲಾಬಿ ಹುಳುವಿಗೆ ಆ ಹಿತ್ತಲಿಲ್ಲ. ಸುತ್ತ ಎಲ್ಲಿ ನೋಡಿದರೂ ಬಿಟಿ ಹತ್ತಿಯೇ. ಉಳಿದದ್ದು ಉಳಿದದ್ದರ ಜೊತೆಗೇ ಕೂಡಿತು. ಬೀಜದ ಪೊಟ್ಟಣದ ಜೊತೆ ಬರುತ್ತಿದ್ದ ಬಿಟಿಯಲ್ಲದ ಬೀಜವನ್ನು ಹೊಲದ ಅಂಚಿಗೆ ಬಿತ್ತಿ ಎಂದು ಹೇಳುತ್ತಿದ್ದುದು ಇಂಥ ಹಿತ್ತಲನ್ನು ಒದಗಿಸಲಿಕ್ಕೆ. ಬಹಳ ಕಡೆ ಅದನ್ನು ಬಿತ್ತಲೇ ಇಲ್ಲ.

ಗುಲಾಬಿ ಹುಳುವಿಗೆ ಹತ್ತಿ ಬಿಟ್ಟರೆ ಬೇರೆ ಊಟ ಹೆಚ್ಚಿಲ್ಲದ ಕಾರಣಕ್ಕೇ ಈಗ ರಾಯಚೂರು, ಯಾದಗಿರಿಯ ಹತ್ತಿ ಬೆಳೆಗಾರರಿಗೆ ಕೃಷಿ ವಿಜ್ಞಾನಿಗಳು ಹೇಳುವುದು: ಬೇಗ ಮುಗಿಯುವ ತಳಿ ಹಾಕಿ, ಕೂಳೆ ಬಿಡಬೇಡಿ, ಕೊಯ್ಲು ಮುಗಿದ ಕೂಡಲೇ ಕಟ್ಟಿಗೆ ಕಿತ್ತು ಹೊಲ ಖಾಲಿ ಮಾಡಿ. ಒಂದೇ ಗಿಡ ನಂಬಿದ ಗುಲಾಬಿ ಹುಳುವಿಗೆ ಹತ್ತಿಯಿಲ್ಲದ ಆ ಕೆಲವು ತಿಂಗಳು ಉಪವಾಸದ ಕಾಲ. ಹಸಿರು ಹುಳುವಿಗೆ ಮಾತ್ರ ಈ ಉಪಾಯ ನಾಟುವುದಿಲ್ಲ. ಹತ್ತಿ ಕಿತ್ತ ಹೊತ್ತಿಗೆ ಅದು ಪಕ್ಕದ ಕಡಲೆಯಲ್ಲಿ ಇರುತ್ತದೆ.